ಆ ಎರಡು ವರ್ಷ ಖಾಲಿ ಇರಲಿಲ್ಲ

ದಾವಣಗೆರೆಯ ವಿದ್ಯಾನಗರದಿಂದ ಉದ್ದನೆಯ ಮೇಲ್ ಬಂದಿದೆ. ಬರೆದವರಿಗೆ 28 ವರ್ಷ. ಬಿ.ಇ. ಮುಗಿದದ್ದು 2020ರಲ್ಲಿ. 2022ರ ಜುಲೈನಿಂದ ಊರಿನದೇ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರೋಗ್ರಾಮರ್. ಅಡಿಕೆ ಮಂಡಿ, ಅಕ್ಕಿ ಗಿರಣಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಬರೆಯುವ ಕೆಲಸ, ಕೈಗೆ 26,000. ಈಗ ಬೆಂಗಳೂರಿನಿಂದ ವರ್ಷಕ್ಕೆ 9 ಲಕ್ಷದ ಆಫರ್ ಬಂದಿದೆ. ಅಪ್ಪ ತೀರಿಕೊಂಡಿದ್ದಾರೆ, ಅಕ್ಕ ಮದುವೆಯಾಗಿ ಬೆಂಗಳೂರು ಸೇರಿದ್ದಾರೆ, ಮನೆಯಲ್ಲಿ ಮಂಡಿನೋವಿನ ಅಮ್ಮ. ‘ಅಮ್ಮನ್ನ ಒಬ್ಬರನ್ನೇ ಬಿಟ್ಟು ಹೋಗೋದು ತಪ್ಪಾಗುತ್ತಾ?’ ಎಂದು ಕೇಳಿದ್ದಾರೆ.

ಅಮ್ಮನ ವಿಷಯಕ್ಕೆ ಆಮೇಲೆ ಬರೋಣ. ಮೇಲ್ ಮುಗಿಸುವ ಗಡಿಬಿಡಿಯಲ್ಲಿ ನೀವು ಒಂದು ಸಾಲು ಹಾಕಿದ್ದೀರಿ: ‘ಡಾಕ್ಯುಮೆಂಟ್ ಅಪ್‌ಲೋಡ್‌ಗೆ ಇನ್ನು ಐದು ದಿನ ಇದೆ, ಗ್ಯಾಪ್ ಇರೋ ಎರಡು ವರ್ಷಕ್ಕೆ ಭಾವ ಒಂದು ಎಕ್ಸ್‌ಪೀರಿಯೆನ್ಸ್ ಲೆಟರ್ ಮಾಡಿಸಿಕೊಡ್ತಿದ್ದಾರೆ, ಅಡ್ವಾನ್ಸ್ ಹತ್ತು ಸಾವಿರ ಅಕ್ಕ ಕೊಟ್ಟಿದ್ದಾಳೆ, ಅದೊಂದು ಫಾರ್ಮಾಲಿಟಿ ಅಷ್ಟೆ.’

ಫಾರ್ಮಾಲಿಟಿ! ಮೂರು ವರ್ಷ ಎಂಟು ತಿಂಗಳ ಅನುಭವವನ್ನು ಭಾವನವರು ರೆಸ್ಯೂಮೆಯಲ್ಲಿ ಐದು ವರ್ಷ ಎಂಟು ತಿಂಗಳು ಮಾಡಿದ್ದಾರೆ, ನೀವು ಅದನ್ನೇ ಇಟ್ಟುಕೊಂಡು ಇಂಟರ್‌ವ್ಯೂ ಮುಗಿಸಿದ್ದೀರಿ. ಈಗ ಆ ಸುಳ್ಳಿಗೆ ಕಾಗದ ಹೊಂದಿಸುವ ಕೆಲಸ ನಡೆದಿದೆ.

ಇದು ಎಲ್ಲಿ ಸಿಕ್ಕಿಬೀಳುತ್ತದೆ ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ಭಾವನವರು ಹೇಳಿರುವುದಿಲ್ಲ. ಹೊಸ ಕಂಪನಿ ನಿಮ್ಮ ಯುಎಎನ್ ಕೇಳುತ್ತದೆ, ಪಿಎಫ್‌ನ ಆ 12 ಅಂಕಿಯ ನಂಬರು. ಅದರ ಸರ್ವಿಸ್ ಹಿಸ್ಟರಿಯಲ್ಲಿ ನೀವು ಯಾವ ಸಂಸ್ಥೆಗೆ ಯಾವ ತಾರೀಖು ಸೇರಿದಿರಿ, ಯಾವಾಗ ಬಿಟ್ಟಿರಿ ಎಲ್ಲ ಇರುತ್ತದೆ. ನಿಮ್ಮದು 2022ರಿಂದ ಶುರುವಾಗುತ್ತದೆ, 2020ರ ಕಂಪನಿ ಅಲ್ಲಿ ಇರುವುದೇ ಇಲ್ಲ. ‘ಅದು ಸಣ್ಣ ಕಂಪನಿ, ಇಪ್ಪತ್ತು ಜನಕ್ಕಿಂತ ಕಡಿಮೆ, ಪಿಎಫ್ ಇರಲಿಲ್ಲ ಅಂದ್ರೆ ಆಯ್ತು’ ಎನ್ನುತ್ತಾರೆ ಇಂಥ ಪತ್ರ ಮಾರುವವರು. ಆಗ ಕಂಪನಿಯ ಪರವಾಗಿ ದಾಖಲೆ ತಾಳೆ ನೋಡುವ ವೆರಿಫಿಕೇಶನ್‌ನವರು ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. 24 ತಿಂಗಳ ಸಂಬಳದ ಜಮೆ ಎಲ್ಲಿಂದ ತರುತ್ತೀರಿ? ‘ಪಿಎಫ್ ಸಮೇತ ಮಾಡಿಕೊಡ್ತೀವಿ’ ಅನ್ನುವವರೂ ಇದ್ದಾರೆ. ಪಾಸ್‌ಬುಕ್‌ನಲ್ಲಿ ಯಾವ ತಿಂಗಳ ಸಂಬಳಕ್ಕೆ ಕಟ್ಟಿದ್ದು, ಯಾವ ತಾರೀಖು ಜಮೆ ಆಯಿತು ಎಂಬುದು ಬೇರೆಬೇರೆ ಕಾಲಂನಲ್ಲಿ ಕಾಣುತ್ತದೆ. 2020ರ ತಿಂಗಳುಗಳಿಗೆ ಈಗ ದುಡ್ಡು ಬಿದ್ದರೆ ನೋಡುವವರಿಗೆ ಅರ್ಥವಾಗಲು ಒಂದು ನಿಮಿಷವೂ ಬೇಡ. ಪತ್ರದಲ್ಲಿರುವ ಎಚ್‌ಆರ್ ನಂಬರಿಗೆ ಫೋನ್ ಮಾಡಿ, ಆ ಕಡೆಯವರು ‘ಹೌದು ಸಾರ್, ನಮ್ಮಲ್ಲೇ ಇದ್ರು’ ಎಂದರೆ ನಂಬಿಬಿಡುವ ಕಾಲ ಹೋಗಿದೆ. ಕಂಪನಿ ನಿಜಕ್ಕೂ ನೋಂದಣಿಯಾಗಿದೆಯೇ, ಆ ವಿಳಾಸದಲ್ಲಿ ಬೋರ್ಡ್ ಇದೆಯೇ ಎಂದೂ ನೋಡುತ್ತಾರೆ.

ಎಲ್ಲಕ್ಕಿಂತ ಕೆಟ್ಟದ್ದು, ವೆರಿಫಿಕೇಶನ್ ವರದಿ ಬರುವ ಹೊತ್ತು. ಎಷ್ಟೋ ಕಡೆ ಅದು ಕೈಸೇರುವುದು ನೀವು ಕೆಲಸಕ್ಕೆ ಸೇರಿದ ಮೇಲೆ. ಅಷ್ಟರಲ್ಲಿ ಇಲ್ಲಿ ರಾಜೀನಾಮೆ ಕೊಟ್ಟಾಗಿರುತ್ತದೆ, ಅಲ್ಲಿ ಮನೆಗೆ ಅಡ್ವಾನ್ಸ್ ಕಟ್ಟಾಗಿರುತ್ತದೆ. ಒಂದು ಸಂಜೆ ಲ್ಯಾಪ್‌ಟಾಪ್ ವಾಪಸ್ ಕೇಳುತ್ತಾರೆ. ಖೊಟ್ಟಿ ದಾಖಲೆಯನ್ನು ಅಸಲಿ ಎಂದು ಬಳಸುವುದು ಭಾರತೀಯ ನ್ಯಾಯ ಸಂಹಿತೆಯ 340ನೇ ಕಲಂ ಪ್ರಕಾರ ಅಪರಾಧ ಕೂಡ. ಕಂಪನಿಗಳು ಸಾಮಾನ್ಯವಾಗಿ ಪೊಲೀಸರ ತನಕ ಹೋಗುವುದಿಲ್ಲ, ಹೊರಗೆ ಹಾಕುತ್ತವೆ. ಆಮೇಲಿನ ಕಂಪನಿಗೆ ತೋರಿಸಲು ರಿಲೀವಿಂಗ್ ಲೆಟರ್ ಇರುವುದಿಲ್ಲ. ಆಗ ಬೀಳುತ್ತದೆ ನೋಡಿ ನಿಜವಾದ ಗ್ಯಾಪ್.

ನನಗೆ ಸಿಟ್ಟು ಬಂದಿದ್ದು ಬೇರೆ ಕಾರಣಕ್ಕೆ. ಆ ಎರಡು ವರ್ಷ ನೀವೇನು ಮಾಡುತ್ತಿದ್ದಿರಿ? ನೀವೇ ಅರ್ಧ ವಾಕ್ಯದಲ್ಲಿ ಹೇಳಿ ಮುಗಿಸಿದ್ದೀರಿ: ‘ಅಪ್ಪನ ಡಯಾಲಿಸಿಸ್‌ಗೆ ವಾರಕ್ಕೆ ಮೂರು ಸಲ ಓಡಾಟ ಇತ್ತು.’ ಅದೂ ಕೋವಿಡ್ ಕಾಲದಲ್ಲಿ. ಕೂತು ನಾಲ್ಕು ಗಂಟೆ ಕಾಯಬೇಕು, ಮನೆಗೆ ಬಂದ ಮೇಲೆ ಉಪ್ಪು, ನೀರು, ಮಾತ್ರೆ ಲೆಕ್ಕ. ನೀವು ಈ ಎರಡು ವರ್ಷವನ್ನು ನಾಚಿಕೆಯ ವಿಷಯದಂತೆ ಮುಚ್ಚಿಡಲು ಹೊರಟಿದ್ದೀರಿ, ಭಾವನವರು ಅದಕ್ಕೆ ದರ ಕಟ್ಟಿದ್ದಾರೆ. ಮಾವ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿದ್ದಾಗ ಈ ಅಳಿಯಂದಿರು ಎಷ್ಟು ಸಲ ಬಂದಿದ್ದರು ಎಂದು ಕೇಳುವ ಆಸೆ ಇದೆ, ಬಿಡಿ.

2020ರಲ್ಲಿ ಓದು ಮುಗಿಸಿದವರ ಗ್ಯಾಪ್ ಕಂಡು ಎಚ್‌ಆರ್‌ನವರು ಬೆಚ್ಚಿಬೀಳುವುದಿಲ್ಲ. ‘ತಂದೆಯ ಅನಾರೋಗ್ಯ, ಪೂರ್ಣಾವಧಿ ಆರೈಕೆ’ ಎಂಬ ಒಂದು ಸಾಲು ಸಾಕು. ಆಸ್ಪತ್ರೆಯ ಕಾಗದ ಲಗತ್ತಿಸಬೇಡಿ, ಕೇಳಿದರೆ ಮಾತ್ರ ತೋರಿಸಿ.

ಹೀಗಾಗಿ ನಿಮಗೆ ಒಂದೇ ಕೆಲಸ ಹೇಳುತ್ತೇನೆ, ನಾಳೆಗೆ ಇಡಬೇಡಿ. ಇವತ್ತು ರಾತ್ರಿ ಎಚ್‌ಆರ್‌ಗೆ ಮೇಲ್ ಹಾಕಿ. ಇಂಗ್ಲಿಷಿನಲ್ಲೇ ಬರೆಯಿರಿ, ಅರ್ಥ ಇಷ್ಟಿರಲಿ: ‘ನಾನು ಕಳಿಸಿದ ರೆಸ್ಯೂಮೆಯಲ್ಲಿ ಅನುಭವದ ಅವಧಿ ತಪ್ಪಾಗಿದೆ. ನನ್ನ ಅನುಭವ 2022ರ ಜುಲೈನಿಂದ ಇಲ್ಲಿಯವರೆಗೆ, ಒಂದೇ ಸಂಸ್ಥೆಯಲ್ಲಿ. 2020ರಿಂದ 2022ರವರೆಗೆ ತಂದೆಯ ಅನಾರೋಗ್ಯದ ಕಾರಣ ಕೆಲಸಕ್ಕೆ ಸೇರಿರಲಿಲ್ಲ. ತಿದ್ದಿದ ರೆಸ್ಯೂಮೆ ಲಗತ್ತಿಸಿದ್ದೇನೆ. ಇದನ್ನು ಪರಿಗಣಿಸಿ ಆಫರ್ ಬಗ್ಗೆ ತಿಳಿಸಿ.’ ಕ್ಷಮೆ ಒಂದು ಸಲ ಸಾಕು, ಕಣ್ಣೀರು ಬೇಡ. ‘ನಮ್ಮ ಭಾವ ಮಾಡಿದ್ದು’ ಎಂದು ಬರೆಯಲೇಬೇಡಿ. ಕಳಿಸಿದ್ದು ನೀವು. ಫೋನಿನಲ್ಲಿ ಹೇಳಿ ಮುಗಿಸಲೂ ಬೇಡಿ. ಈ ಅಂಕಣ ಓದುವವರಿಗೆ ನನ್ನ ಹಳೆಯ ರಾಗ ಗೊತ್ತು: ಕಾಗದದಲ್ಲಿ ಇಲ್ಲದ ಮಾತು ಮಾತೇ ಅಲ್ಲ.

ಆಫರ್ ಹೋಗಬಹುದು. ಮೊತ್ತ ಇಳಿಸಬಹುದು. ಹೋದರೆ ಹೋಗಲಿ, ನೀವು ಕೈಖಾಲಿ ಆಳಲ್ಲ. ನಿಮ್ಮ ತಂತ್ರಾಂಶ ಬರೆದಿರುವ ಪ್ರೋಗ್ರಾಮಿಂಗ್ ಭಾಷೆ ಪಿಎಚ್‌ಪಿಯ 7.4 ಆವೃತ್ತಿಗೆ 2022ರ ನವೆಂಬರ್‌ನಲ್ಲಿ ಬೆಂಬಲ ನಿಂತಾಗ ಇಡೀ ಬಿಲ್ಲಿಂಗ್ ವ್ಯವಸ್ಥೆಯನ್ನು 8ಕ್ಕೆ ತಂದದ್ದು ನಾನೊಬ್ಬನೇ ಎಂದು ಬರೆದಿದ್ದೀರಿ. ಅದನ್ನು ರೆಸ್ಯೂಮೆಯ ಮೂರನೇ ಪುಟದಲ್ಲಿ ಹೂತಿಟ್ಟಿದ್ದೀರಿ! ಮೊದಲ ಪುಟಕ್ಕೆ ತನ್ನಿ: ಎಷ್ಟು ಮಂಡಿ, ಎಷ್ಟು ಬಳಕೆದಾರರು, ದಿನಕ್ಕೆ ಎಷ್ಟು ಬಿಲ್ಲು, ಬದಲಾಯಿಸುವಾಗ ಎಷ್ಟು ಹೊತ್ತು ಸಿಸ್ಟಂ ನಿಂತಿತ್ತು. ದೊಡ್ಡ ಕಂಪನಿಯಲ್ಲಿ ಐದು ವರ್ಷ ಒಂದೇ ಮಾಡ್ಯೂಲ್ ನೋಡಿಕೊಂಡವರ ಎದುರು ಇದು ನಿಲ್ಲುತ್ತದೆ.

ನಿಮ್ಮ ಅಸಲಿ ಮೂರು ವರ್ಷ ಎಂಟು ತಿಂಗಳು ಯುಎಎನ್‌ನಲ್ಲಿ ಪೂರ್ತಿ ಇದೆಯೇ ಎಂದು ಮಾತ್ರ ಮೊದಲು ನೋಡಿಕೊಳ್ಳಿ. ಸಣ್ಣ ಕಂಪನಿಗಳು ಪ್ರೊಬೇಶನ್ ಮುಗಿದ ಮೇಲೆ ಪಿಎಫ್‌ಗೆ ಸೇರಿಸುವುದುಂಟು. ಹಾಗಾಗಿದ್ದರೆ ದಾಖಲೆಯಲ್ಲಿ ನಿಮ್ಮ ನಿಜವಾದ ಅನುಭವವೇ ಗಿಡ್ಡವಾಗಿರುತ್ತದೆ. ಆ ತಿಂಗಳುಗಳಿಗೆ ಅಪಾಯಿಂಟ್‌ಮೆಂಟ್ ಲೆಟರ್, ಪೇ ಸ್ಲಿಪ್, ಬ್ಯಾಂಕ್ ಜಮೆ ಜೋಡಿಸಿಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಪಿಎಫ್‌ನಲ್ಲಿ ಇನ್ನೊಂದು ಎಂದಿದ್ದರೆ ಜಾಯಿಂಟ್ ಡಿಕ್ಲರೇಶನ್, ಅಂದರೆ ಪಿಎಫ್ ದಾಖಲೆಯ ವಿವರ ತಿದ್ದುವ ಅರ್ಜಿ, ಹಾಕಿ ಸರಿಪಡಿಸಬೇಕು. ಇದಕ್ಕೆ ಈಗಿನ ಕಂಪನಿಯ ಒಪ್ಪಿಗೆ ಬೇಕಾಗಬಹುದು. ಜಗಳವಾಡಿ ಬಿಟ್ಟ ಮೇಲೆ ಅದನ್ನು ಪಡೆಯುವುದು ಕಷ್ಟ.

9 ಲಕ್ಷವನ್ನು 12ರಿಂದ ಭಾಗಿಸಿ 75,000 ಎಂದು ಲೆಕ್ಕ ಹಾಕಿಕೊಂಡಿದ್ದೀರಿ. ಆಫರ್‌ನಲ್ಲಿ ವೇರಿಯಬಲ್ (ಕೆಲಸದ ಸಾಧನೆ ನೋಡಿ ಕೊಡುವ ಭಾಗ) 90,000 ಎಂದು ನೀವೇ ಬರೆದಿದ್ದೀರಿ, ಅದು ತಿಂಗಳಿಗೆ ಬರುವ ದುಡ್ಡಲ್ಲ. ಕಂಪನಿ ಪಾಲಿನ ಪಿಎಫ್ ತಿಂಗಳಿಗೆ 1,800ರಂತೆ 21,600. ಬೇಸಿಕ್ 4.5 ಲಕ್ಷ ಇದ್ದರೆ ಅದರ ಶೇ 4.81ರಂತೆ ಗ್ರಾಚ್ಯುಟಿ 21,645. ಇವೆಲ್ಲ ಆ 9 ಲಕ್ಷದೊಳಗೇ ಸೇರಿರುತ್ತವೆ, ಕಳೆದರೆ ಉಳಿಯುವುದು ತಿಂಗಳಿಗೆ ಸುಮಾರು 63,900. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಕಳೆದರೆ ಕೈಗೆ 62,000ದ ಆಸುಪಾಸು. ಹೊಸ ಪದ್ಧತಿಯಲ್ಲಿ ಈ ಸಂಬಳಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ. ಒಳ್ಳೆಯ ಸಂಬಳವೇ, ಆದರೆ ಮನೆ ಹುಡುಕುವಾಗ 62,000 ನೆನಪಿರಲಿ. ಬೆಂಗಳೂರಿನಲ್ಲಿ ಐದಾರು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುವುದು ಮಾಮೂಲು, ಹತ್ತು ತಿಂಗಳು ಕೇಳುವವರೂ ಉಂಟು. ಮೊದಲ ಮೂರು ತಿಂಗಳು ಪೀಜಿಯಲ್ಲಿರಿ.

ಇನ್ನು ಅಮ್ಮ. ಇಷ್ಟುದ್ದದ ಮೇಲ್‌ನಲ್ಲಿ ಅಮ್ಮ ಒಂದು ಮಾತೂ ಆಡಿಲ್ಲ, ಎಲ್ಲ ನೀವೇ ಅವರ ಪರವಾಗಿ ಆಡಿದ್ದೀರಿ. ಅವರನ್ನು ಕೇಳಿ. ದಾವಣಗೆರೆ ಬೆಂಗಳೂರಿನಿಂದ ಸುಮಾರು 260 ಕಿ.ಮೀ. ವಂದೇ ಭಾರತ್ ನಿಲ್ಲುತ್ತದೆ, ನಾಲ್ಕು ಗಂಟೆಯೊಳಗಿನ ದಾರಿ. ಶುಕ್ರವಾರ ರಾತ್ರಿಯ ಬಸ್ಸೂ ಇದೆ. ಮಂಡಿನೋವಿಗೆ ಮೂಳೆ ಡಾಕ್ಟರನ್ನು ತೋರಿಸಿ, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸಿ. ನೀವು ಊರಲ್ಲೇ ಇದ್ದರೂ ಇವೆರಡು ಆಗಬೇಕಿದ್ದವು.

ಭಾವನವರಿಗೆ ಫೋನ್ ಮಾಡಬೇಡಿ, ಮಾತಿನಲ್ಲಿ ನಿಮ್ಮನ್ನು ಗೆಲ್ಲುತ್ತಾರೆ. ಅಕ್ಕನಿಗೆ ಮಾಡಿ. ಪತ್ರ ಬೇಡ ಎಂದು ಹೇಳಿ, ಅವರ ಹತ್ತು ಸಾವಿರವನ್ನು ಮುಂದಿನ ಸಂಬಳದಲ್ಲಿ ಅಕ್ಕನ ಖಾತೆಗೇ ಹಾಕಿ, ಭಾವನ ಖಾತೆಗಲ್ಲ.