ಒಂದೇ ಕಂಪ್ಯೂಟರ್‌ಗೆ ವಿಂಡೋಸ್, ಲಿನಕ್ಸ್ ಎರಡನ್ನೂ ಹಾಕಿದರೆ ಒಂದು ಇನ್ನೊಂದನ್ನು ಕೆಡಿಸುತ್ತದೆಯೇ?

ಇಲ್ಲ. ಎರಡೂ ಒಟ್ಟಿಗೆ ಓಡುವುದಿಲ್ಲ, ಹಾಗಾಗಿ ಒಂದರಿಂದ ಇನ್ನೊಂದು ನಿಧಾನವಾಗುವುದಿಲ್ಲ, ಹ್ಯಾಂಗ್ ಆಗುವುದೂ ಇಲ್ಲ. ಕಂಪ್ಯೂಟರ್ ಆನ್ ಆದಾಗ ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಂ ಯಾವುದು ಬೇಕು ಅಂತ ಕೇಳುತ್ತದೆ. ನೀವು ಆರಿಸಿದ್ದಕ್ಕೆ ಪೂರ್ತಿ ಮೆಮೊರಿ, ಪ್ರೊಸೆಸರ್ ಸಿಗುತ್ತದೆ. ಆರಿಸದೆ ಬಿಟ್ಟದ್ದು ಡಿಸ್ಕ್‌ನಲ್ಲಿ ತನ್ನ ಪಾಲಿನ ಜಾಗದಲ್ಲಿ, ಅಂದರೆ ಪಾರ್ಟಿಷನ್‌ನಲ್ಲಿ, ಸುಮ್ನೆ ಫೈಲುಗಳಾಗಿ ಬಿದ್ದಿರುತ್ತದೆ.

ಹುಷಾರಾಗಿರಬೇಕಾದದ್ದು ಎರಡೂ ಒಂದೇ ಪಾರ್ಟಿಷನ್ ಮುಟ್ಟುವಾಗ. ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯವಿದೆ. ಅದು ಆನ್ ಇದ್ದರೆ, ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ತಾನು ಎಲ್ಲಿದ್ದೆ ಎಂಬುದನ್ನು ಡಿಸ್ಕ್‌ಗೆ ಬರೆದಿಟ್ಟು ಮಲಗುತ್ತದೆ. ಆಗ ಲಿನಕ್ಸ್‌ನಿಂದ ಸಿ ಡ್ರೈವ್‌ಗೆ ಏನಾದರೂ ಬರೆದರೆ, ವಿಂಡೋಸ್ ಎದ್ದಾಗ ಅದರ ಹಳೆಯ ಲೆಕ್ಕಕ್ಕೂ ಡಿಸ್ಕ್‌ನಲ್ಲಿರುವುದಕ್ಕೂ ತಾಳೆಯಾಗುವುದಿಲ್ಲ. ಫೈಲುಗಳು ಹಾಳಾಗುವುದು ಹೀಗೆ. ಲಿನಕ್ಸ್ ಅಂಥ ಪಾರ್ಟಿಷನ್‌ನಲ್ಲಿ ಎಷ್ಟೋ ಸಲ ಬರೆಯಲು ಬಿಡದೆ ಓದಲು ಮಾತ್ರ ಬಿಡುವುದೂ ಇದಕ್ಕೇ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ದಯವಿಟ್ಟು ಮರೆಯಬೇಡಿ.

ದೊಡ್ಡ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಕೆಲವೊಮ್ಮೆ ಲಿನಕ್ಸ್ ಆಯ್ಕೆಯೇ ಕಾಣದಿರಬಹುದು. ಗಾಬರಿ ಬೇಡ. ಸಾಮಾನ್ಯವಾಗಿ ಬದಲಾಗಿರುವುದು ಬೂಟ್ ಕ್ರಮ, ಅಂದರೆ ಯಾವುದನ್ನು ಮೊದಲು ಶುರುಮಾಡಬೇಕು ಎಂಬ ಪಟ್ಟಿ, ಅಷ್ಟೇ. ಕಂಪ್ಯೂಟರ್ ಆನ್ ಆದ ಕೂಡಲೇ ತೆರೆಯಬಹುದಾದ ಬಯೋಸ್ ಸೆಟ್ಟಿಂಗ್ಸ್‌ನಲ್ಲಿ ಸರಿಮಾಡಬಹುದು. ನಿಜವಾಗಿ ಡೇಟಾ ಕಳೆದುಕೊಳ್ಳುವ ಅಪಾಯ ಜಾಸ್ತಿ ಇರುವುದು ಇನ್‌ಸ್ಟಾಲ್ ಮಾಡುವಾಗ ತಪ್ಪು ಪಾರ್ಟಿಷನ್ ಅಳಿಸಿದರೆ. ಇನ್‌ಸ್ಟಾಲ್ ಮಾಡುವ ಮೊದಲೇ ಬ್ಯಾಕಪ್ ತೆಗೆದುಕೊಳ್ಳಿ.