ಹೊಸ ಬೋರ್ಡು, ಹಳೇ ರ‍್ಯಾಮು, ಮಧ್ಯಾಹ್ನದ ನೀಲಿ ಪರದೆ

ಓದುಗರ ಪ್ರಶ್ನೆ – ಕಂಪ್ಯೂಟರ್

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಫೋಟೊ ಸ್ಟುಡಿಯೊ ಇದೆ. ಮದುವೆ ಆಲ್ಬಂ ಡಿಸೈನ್ ಮಾಡುವ ಕಂಪ್ಯೂಟರಿನ ಮದರ್‌ಬೋರ್ಡ್ ಕೆಟ್ಟಿತು. ಹೋದ ತಿಂಗಳು ಹೊಸ ಬಿ550 ಬೋರ್ಡ್ ಹಾಕಿಸಿದೆ. ಪ್ರೊಸೆಸರ್ ಹಳೆಯದೇ, ರೈಜನ್ 5 5600. 8 ಜಿಬಿಯ ಎರಡು ಹಳೇ ರ‍್ಯಾಮ್ ಇದ್ದವು, 3200 ವೇಗದವು. ಹೇಗೂ ಬಿಚ್ಚಿದ್ದೀವಲ್ಲ ಅಂತ 3600ರ ಇನ್ನೆರಡು 8 ಜಿಬಿ ಸೇರಿಸಿ 32 ಮಾಡಿಸಿದೆ. ಅವತ್ತಿಂದ ಶುರು ಕಾಟ. ಬೆಳಿಗ್ಗೆ ಚೆನ್ನಾಗಿ ಓಡುತ್ತದೆ. ಮಧ್ಯಾಹ್ನ ಆಲ್ಬಂ ಎಕ್ಸ್‌ಪೋರ್ಟ್‌ಗೆ ಹಾಕಿದರೆ ನೀಲಿ ಪರದೆ ಬರುತ್ತದೆ. ಒಂದು ಸಲ ‘ಮೆಮೊರಿ ಮ್ಯಾನೇಜ್‌ಮೆಂಟ್’ ಅಂತ ಇರುತ್ತದೆ, ಇನ್ನೊಂದು ಸಲ ಬೇರೆ ಏನೋ. ಎರಡು ಫೋಟೊಗಳಲ್ಲಿ ಅರ್ಧದಿಂದ ಕೆಳಗೆ ಬರೀ ಬೂದು ಬಣ್ಣ ಬಂದಿತ್ತು. ಅಂಗಡಿಯವರು ಎರಡು ಸಲ ವಿಂಡೋಸ್ ಹಾಕಿಕೊಟ್ಟರು. ರ‍್ಯಾಮ್ ಹೊಸದು, ಅದಕ್ಕೇನೂ ಆಗಿಲ್ಲ ಅಂತಾರೆ. ಬಯಾಸ್ (ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್) ಪರದೆಯ ಫೋಟೊ ಕಳಿಸಿದ್ದೇನೆ. ಎರಡು ಮದುವೆಯ ಆಲ್ಬಂ ಬಾಕಿ ಇವೆ. ಏನು ಮಾಡಲಿ?

ಉತ್ತರ: ಮೊದಲು ಕ್ಯಾಮೆರಾ ಕಾರ್ಡ್ ಫಾರ್ಮ್ಯಾಟ್ ಮಾಡುವುದನ್ನು ನಿಲ್ಲಿಸಿ. ಉಳಿದದ್ದೆಲ್ಲ ಆಮೇಲೆ. ಕಾರ್ಡಿಂದ ಹಾರ್ಡ್‌ಡಿಸ್ಕ್‌ಗೆ ಕಾಪಿ ಆಗುವ ಪ್ರತಿ ಫೋಟೊ ರ‍್ಯಾಮ್ ಮೂಲಕವೇ ಹಾದು ಹೋಗುತ್ತದೆ. ರ‍್ಯಾಮ್ ತಪ್ಪು ಮಾಡುತ್ತಿದ್ದರೆ ಫೈಲ್ ಕೆಡುತ್ತದೆ, ಯಾವ ಎರರ್ ಕೂಡ ತೋರಿಸುವುದಿಲ್ಲ. ನೀಲಿ ಪರದೆ ಬಂದರೆ ಗೊತ್ತಾದರೂ ಆಗುತ್ತದೆ, ಸದ್ದಿಲ್ಲದೆ ಕೆಟ್ಟ ಫೋಟೊ ಪ್ರಿಂಟ್ ಆಗಿ ಮದುವೆ ಮನೆಯವರ ಕೈಗೆ ಹೋದ ಮೇಲೆಯೇ ಗೊತ್ತಾಗೋದು, ಅಲ್ವಾ? ಈ ತಿಂಗಳ ಶೂಟ್‌ಗೆ ಬೇರೆ ಕಾರ್ಡ್ ಕೊಳ್ಳಿ. ಹಳೆಯವನ್ನು ಹಾಗೇ ಎತ್ತಿಡಿ.

ಇನ್ನು ನೀವು ಕಳಿಸಿದ ಫೋಟೊ. ಅರ್ಧ ಉತ್ತರ ಅದರಲ್ಲೇ ಇದೆ. ಮೆಮೊರಿ ಸ್ಪೀಡ್ ಎಂಬಲ್ಲಿ 3600 ಇದೆ. ಅದರ ಕೆಳಗೆ ಡಿರ‍್ಯಾಮ್ ವೋಲ್ಟೇಜ್ ಎಂಬಲ್ಲಿ 1.200 ಇದೆ. ವೇಗ, ವೋಲ್ಟೇಜ್ ಎರಡನ್ನೂ ಒಟ್ಟಿಗೆ ಹೊಂದಿಸುವ ಎಕ್ಸ್‌ಎಂಪಿ ಆಫ್ ಇದೆ. ಅಂದರೆ ಸ್ಪೀಡನ್ನು ಯಾರೋ ಕೈಯಾರೆ 3600ಕ್ಕೆ ಏರಿಸಿ, ವೋಲ್ಟೇಜನ್ನು ಮುಟ್ಟದೆ ಬಿಟ್ಟಿದ್ದಾರೆ. ನಿಮ್ಮದು ಡಿಡಿಆರ್4 ಎಂಬ ಬಗೆಯ ರ‍್ಯಾಮ್, ಅದರ ಮೂಲ ವೋಲ್ಟೇಜ್ 1.2. ಆದರೆ 3200, 3600ರಲ್ಲಿ ಬಿಗಿ ಟೈಮಿಂಗ್ (ಮಾಹಿತಿ ಕೊಡಲು ಹಿಡಿಯುವ ವಿಳಂಬದ ಅಂಕಿ) ಜೊತೆ ಓಡುವ ಇಂಥ ರ‍್ಯಾಮ್‌ಗಳಿಗೆ ಸಾಮಾನ್ಯವಾಗಿ 1.35 ಬೇಕು. ನಿಮ್ಮ ರ‍್ಯಾಮ್‌ನ ಸ್ಟಿಕ್ಕರ್ ನೋಡಿ, ಅದರ ಮೇಲೆಯೇ ಬರೆದಿರುತ್ತದೆ. ಉರಿ ಸಣ್ಣಗಿಟ್ಟು ಹೆಂಚಿನ ಮೇಲೆ ನಾಲ್ಕು ಬೆಣ್ಣೆದೋಸೆ ಒಟ್ಟಿಗೆ ಹುಯ್ದ ಹಾಗಾಗಿದೆ. ಕೆಲವು ಬೇಯುತ್ತವೆ, ಕೆಲವು ಹಸಿ ಉಳಿಯುತ್ತವೆ.

ಹಾಗಾದರೆ ಎಕ್ಸ್‌ಎಂಪಿ ಆನ್ ಮಾಡಿದರೆ ಆಯಿತಲ್ಲ ಅಂತೀರಿ. ಇಲ್ಲ, ನಿಮ್ಮ ವಿಷಯದಲ್ಲಿ ಅದೂ ಅನುಮಾನ. ಎಕ್ಸ್‌ಎಂಪಿ ಅನ್ನೋದು ರ‍್ಯಾಮ್ ತಯಾರಕರು ಅದರ ಪುಟ್ಟ ಚಿಪ್ಪಿನಲ್ಲಿ ಬರೆದಿಟ್ಟ ಒಂದು ಸೆಟ್ಟಿಂಗ್, ಅಷ್ಟೆ. ಆ ಜೋಡಿಯನ್ನು ಆ ವೇಗದಲ್ಲಿ ಅವರು ಪರೀಕ್ಷೆ ಮಾಡಿರುತ್ತಾರೆ. ನಿಮ್ಮ ಹಳೇ ಜೋಡಿಯ ಪಕ್ಕದಲ್ಲಿ ಕೂರಿಸಿ ನೋಡಿರುವುದಿಲ್ಲ. ಬೋರ್ಡ್ ಒಂದು ಪ್ರೊಫೈಲ್ ಎತ್ತಿಕೊಂಡು ನಾಲ್ಕಕ್ಕೂ ಅದನ್ನೇ ಹಾಕುತ್ತದೆ, 3200ರ ರ‍್ಯಾಮ್ ಕೂಡ 3600ಕ್ಕೆ ಓಡಬೇಕು. ಇನ್ನೊಂದು ಮಾತು. ರೈಜನ್ 5000 ಸಾಲಿನ ಪ್ರೊಸೆಸರ್‌ಗೆ ಎಎಂಡಿ ಹೇಳುವ ಅಧಿಕೃತ ವೇಗ ಎರಡು ರ‍್ಯಾಮ್ ಇದ್ದರೆ 3200. ನಾಲ್ಕು ಹಾಕಿದರೆ ಅದೇ ಇಳಿಯುತ್ತದೆ: ಸಿಂಗಲ್ ರ‍್ಯಾಂಕ್ ಆದರೆ 2933, ಡ್ಯುಯಲ್ ರ‍್ಯಾಂಕ್ ಆದರೆ 2666. ಸಿಂಗಲ್ ರ‍್ಯಾಂಕ್ ಎಂದರೆ ಸಾಮಾನ್ಯವಾಗಿ ಒಂದೇ ಮೈಗೆ ಚಿಪ್ಪು ಇರುವುದು. ಬೋರ್ಡ್ ಡಬ್ಬದ ಮೇಲೆ ‘4400+’ ಅಂತ ದಪ್ಪ ಅಕ್ಷರದಲ್ಲಿ ಏನು ಬೇಕಾದರೂ ಹಾಕಿರಲಿ, ಅದು ಓವರ್‌ಕ್ಲಾಕ್, ಅಂದರೆ ಅಧಿಕೃತ ಮಿತಿ ದಾಟಿ ಓಡಿಸುವ ಲೆಕ್ಕ.

ಈಗ ಕೆಲಸ. ಬಯಾಸ್‌ಗೆ ಹೋಗಿ ‘ಲೋಡ್ ಆಪ್ಟಿಮೈಸ್ಡ್ ಡಿಫಾಲ್ಟ್ಸ್’ ಕೊಟ್ಟು ಸೇವ್ ಮಾಡಿ. ಸ್ಪೀಡ್ 2133ಕ್ಕೋ 2400ಕ್ಕೋ 2666ಕ್ಕೋ ಇಳಿಯುತ್ತದೆ. ಹೆದರಬೇಡಿ, ಆಲ್ಬಂ ಕೆಲಸಕ್ಕೆ ದೊಡ್ಡ ವ್ಯತ್ಯಾಸವೇನೂ ಕಾಣುವುದಿಲ್ಲ. ಆಮೇಲೆ ಒಂದು ಪೆನ್‌ಡ್ರೈವ್‌ಗೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿಕೊಳ್ಳಿ. ಅದರ ಉಚಿತ ಆವೃತ್ತಿಯೇ ಸಾಕು, ನಾಲ್ಕು ಸುತ್ತು ಓಡಿಸುತ್ತದೆ. ಆದರೆ ಆ ಪೆನ್‌ಡ್ರೈವನ್ನು ಈ ಕಂಪ್ಯೂಟರಲ್ಲಿ ತಯಾರು ಮಾಡಬೇಡಿ, ಬೇರೆಯವರದ್ದರಲ್ಲಿ ಮಾಡಿಸಿ. 32 ಜಿಬಿಗೆ ನಾಲ್ಕು ಸುತ್ತು ಮುಗಿಯಲು ಗಂಟೆಗಟ್ಟಲೆ ಬೇಕು. ರಾತ್ರಿ ಅಂಗಡಿ ಮುಚ್ಚುವಾಗ ಹಚ್ಚಿ ಹೋಗಿ. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ ಶುರು, ಹಾಗಾಗಿ ಯುಪಿಎಸ್‌ಗೆ ಸಿಗಿಸಿ, ಮಾನಿಟರ್ ಆಫ್ ಮಾಡಿ.

ಬೆಳಿಗ್ಗೆ ಬಂದು ಎರರ್ ಎಷ್ಟು ಅಂತ ನೋಡಿ. ಸೊನ್ನೆ ಇರಬೇಕು. ಒಂದು ಇದ್ದರೂ ಫೇಲ್. ‘32 ಜಿಬಿಯಲ್ಲಿ ಒಂದು ತಪ್ಪು ತಾನೇ’ ಅಂತ ಅಂಗಡಿಯಲ್ಲಿ ಹೇಳಬಹುದು. ಆ ಒಂದು ತಪ್ಪು ಯಾವ ವಧುವಿನ ಮುಖದ ಮೇಲೆ ಬೀಳುತ್ತದೋ ಯಾರಿಗೆ ಗೊತ್ತು.

ಡಿಫಾಲ್ಟ್‌ನಲ್ಲೂ ಎರರ್ ಬಂತು ಅಂದುಕೊಳ್ಳಿ. ಆಗ ನಾಲ್ಕನ್ನೂ ತೆಗೆದು ಒಂದೇ ರ‍್ಯಾಮ್ ಹಾಕಿ ನೋಡಬೇಕು. ಯಾವ ಸ್ಲಾಟ್? ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು, ಬೋರ್ಡ್ ಮೇಲೆ ಎ2 ಅಂತ ಇರುತ್ತದೆ. ಒಂದೊಂದನ್ನೇ ಅಲ್ಲಿ ಹಾಕಿ ಪರೀಕ್ಷಿಸಿ. ಯಾವುದು ಎರರ್ ಕೊಡುತ್ತದೋ ಅದರ ಮೇಲೆ ಪೆನ್ಸಿಲಲ್ಲಿ ಗುರುತು ಮಾಡಿ. ಪಾಸಾದದ್ದನ್ನು ಉಳಿದ ಮೂರು ಸ್ಲಾಟ್‌ಗೂ ಹಾಕಿ ನೋಡಿ. ಒಂದೇ ರ‍್ಯಾಮ್ ಎಲ್ಲಿ ಹಾಕಿದರೂ ಫೇಲ್ ಆದರೆ ರ‍್ಯಾಮ್ ಕೆಟ್ಟಿದೆ. ಒಳ್ಳೇ ರ‍್ಯಾಮ್ ಒಂದೇ ಕಡೆ ಫೇಲ್ ಆದರೆ ಸ್ಲಾಟ್ ಅಥವಾ ಪ್ರೊಸೆಸರ್ ಕಡೆ ತೊಂದರೆ. ಬೇಜಾರಿನ ಕೆಲಸ, ಎರಡು ದಿನ ಹಿಡಿಯುತ್ತದೆ. ಆದರೆ ಇದನ್ನು ಮಾಡದೆ ಸುಮ್ನೆ ವಿಂಡೋಸ್ ಹಾಕುತ್ತಾ ಕೂರುವುದು ಜ್ವರಕ್ಕೆ ಅಂಗಿ ಬದಲಾಯಿಸಿದ ಹಾಗೆ.

ರ‍್ಯಾಮ್ ಕೂರಿಸುವ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ನಾನೂ ಒಮ್ಮೆ ಬೇಸ್ತು ಬಿದ್ದಿದ್ದೇನೆ. ಈಗಿನ ಎಷ್ಟೋ ಬೋರ್ಡುಗಳಲ್ಲಿ ಸ್ಲಾಟಿನ ಒಂದು ತುದಿಗೆ ಮಾತ್ರ ಕ್ಲಿಪ್ ಇರುತ್ತದೆ, ಇನ್ನೊಂದು ತುದಿ ಕದಲುವುದಿಲ್ಲ. ಕ್ಲಿಪ್ ಇರುವ ಕಡೆ ‘ಟಕ್’ ಅಂದ ಕೂಡಲೇ ಕೂತಿತು ಅಂದುಕೊಳ್ಳುತ್ತೇವೆ. ಇನ್ನೊಂದು ತುದಿ ಕಾಗದದಷ್ಟು ಎತ್ತರಿಸಿ ನಿಂತಿರುತ್ತದೆ. ಕಂಪ್ಯೂಟರ್ ಆನ್ ಆಗುತ್ತದೆ, 32 ಜಿಬಿ ಅಂತಲೂ ತೋರಿಸುತ್ತದೆ. ಮೂರು ದಿನ ನಾನು ಎಸ್‌ಎಸ್‌ಡಿಯನ್ನು ಬೈಯುತ್ತಾ ಕಳೆದೆ. ಆಮೇಲೆ ಟಾರ್ಚ್ ಹಿಡಿದು ಪಕ್ಕದಿಂದ ನೋಡಿದರೆ ಬಂಗಾರದ ಬಣ್ಣದ ಗೆರೆ ಒಂದು ತುದಿಯಲ್ಲಿ ಸಣ್ಣಗೆ, ಇನ್ನೊಂದು ತುದಿಯಲ್ಲಿ ದಪ್ಪ. ಆ ಗೆರೆ ಉದ್ದಕ್ಕೂ ಒಂದೇ ಸಮ ಇರಬೇಕು. ಪ್ಲಗ್ ಕಿತ್ತು, ಎರಡೂ ತುದಿಯನ್ನು ಹೆಬ್ಬೆರಳಿಂದ ಒಂದೊಂದಾಗಿ ಒತ್ತಿ.

ನಿಮ್ಮ ಹಳೇ ಜೋಡಿ ಹಳೇ ಬೋರ್ಡಿಂದ ಬಂದದ್ದು. ದಾವಣಗೆರೆಯ ಧೂಳು ನಿಮಗೆ ಗೊತ್ತೇ ಇದೆ. ನಿಮ್ಮ ಸ್ಟುಡಿಯೊ ಮಂಡಕ್ಕಿ ಭಟ್ಟಿ ಕಡೆಗೋ ಅಕ್ಕಿ ಗಿರಣಿ ಹತ್ತಿರವೋ ಇದ್ದರೆ ಕೇಳುವುದೇ ಬೇಡ, ಹೊಗೆಯ ಜಿಡ್ಡಿನ ಮೇಲೆ ಹೊಟ್ಟಿನ ಪುಡಿ ಕೂತು ಕಾಂಟ್ಯಾಕ್ಟ್ ಮಂಕಾಗಿರುತ್ತದೆ. ರಿಪೇರಿ ಅಂಗಡಿಗಳಲ್ಲಿ ಪೆನ್ಸಿಲ್ ರಬ್ಬರಿಂದ ಉಜ್ಜುತ್ತಾರೆ. ತಪ್ಪು ಅನ್ನುವುದಿಲ್ಲ, ಕೆಲಸ ಮಾಡುತ್ತದೆ. ಆದರೆ ಜೋರಾಗಿ ಉಜ್ಜಿದರೆ ಚಿನ್ನದ ತೆಳು ಲೇಪ ಹೋಗುತ್ತದೆ, ರಬ್ಬರ್ ಪುಡಿ ಸ್ಲಾಟ್ ಒಳಗೆ ಬಿದ್ದರೆ ಇನ್ನೊಂದು ತಲೆನೋವು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೂಲು ಬಿಡದ ಬಟ್ಟೆ ಅದ್ದಿ ಒರೆಸಿ, ಪೂರ್ತಿ ಒಣಗಲು ಬಿಟ್ಟು ಹಾಕುವುದು ನನಗೆ ಹಿಡಿಸಿದ ದಾರಿ.

ಬೋರ್ಡ್ ಬದಲಿಸುವಾಗ ಕೂಲರ್ ಕಿತ್ತಿರುತ್ತಾರೆ. ನಿಮ್ಮದರಂಥ ಎಎಂ4 ಸಾಕೆಟ್‌ನ ಪ್ರೊಸೆಸರ್‌ಗಳಲ್ಲಿ ಪಿನ್ನು ಪ್ರೊಸೆಸರ್ ಅಡಿಯಲ್ಲೇ ಇರುತ್ತದೆ. ಕೂಲರ್ ಅಡಿಯ ಪೇಸ್ಟ್ ಒಣಗಿ ಅಂಟಿಕೊಂಡಿದ್ದರೆ ಕೂಲರ್ ಜೊತೆ ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಆಗ ಪಿನ್ನು ಬಾಗುವುದುಂಟು. ಒಂದು ಕಡೆಯ ಎರಡು ಸ್ಲಾಟ್‌ಗಳಲ್ಲಿ ಮಾತ್ರ ಪದೇ ಪದೇ ತೊಂದರೆ ಬಂದರೆ ಪ್ರೊಸೆಸರ್ ತೆಗೆಸಿ ಪಿನ್ನಿನ ಸಾಲನ್ನು ಓರೆಯಿಂದ ನೋಡಲು ಹೇಳಿ. ಬಾಗಿದ್ದನ್ನು ನೀವೇ ನೆಟ್ಟಗೆ ಮಾಡಲು ಹೋಗಬೇಡಿ.

ಡಿಫಾಲ್ಟ್‌ನಲ್ಲಿ ಪಾಸಾಯಿತೋ, ವಿಂಡೋಸ್ ಮತ್ತೆ ಹಾಕಿಸಿ (ಯಾಕೆಂದು ಕೊನೆಗೆ ಹೇಳುತ್ತೇನೆ), ಬಾಕಿ ಇರುವ ಎರಡು ಆಲ್ಬಂ ಮುಗಿಸಿ ಕೊಡಿ. ಆಮೇಲೆ ಬಿಡುವಾದಾಗ ಬಯಾಸ್ ಅಪ್‌ಡೇಟ್ ಮಾಡಿ. ಇದನ್ನು ಬೇಕಂತಲೇ ಕೊನೆಗೆ ಇಟ್ಟೆ. ಎರರ್ ಬರುವ ರ‍್ಯಾಮ್ ಇಟ್ಟುಕೊಂಡು ಬಯಾಸ್ ಬರೆಯಲು ಹೋದರೆ ಬೋರ್ಡೇ ಸತ್ತೀತು. ಬೋರ್ಡಿನ ಮೂಲೆಯಲ್ಲಿ ರಿವಿಷನ್ ನಂಬರ್ ಅಚ್ಚಾಗಿದ್ದರೆ ಅದಕ್ಕೆ ಸರಿಯಾದ ಫೈಲನ್ನೇ ತನ್ನಿ. ಇದಕ್ಕೂ ಯುಪಿಎಸ್ ಬೇಕೇ ಬೇಕು.

ನಂತರ ವೇಗ ಬೇಕೇ ಬೇಕು ಅಂದರೆ ವೋಲ್ಟೇಜ್ 1.35 ಇಟ್ಟು 2933 ಹಾಕಿ, ಹಳೇ ಜೋಡಿಯ ಟೈಮಿಂಗ್ ಮತ್ತು ಹೊಸ ಜೋಡಿಯ ಟೈಮಿಂಗ್ ಎರಡರಲ್ಲಿ ಯಾವುದು ದೊಡ್ಡ ಅಂಕಿಯೋ ಅದನ್ನು ಕೊಟ್ಟು ಮತ್ತೆ ರಾತ್ರಿ ಪೂರ್ತಿ ಪರೀಕ್ಷೆ ಓಡಿಸಿ. ಪಾಸಾದರೆ 3200. ಅಲ್ಲಿಗೆ ನಿಲ್ಲಿಸಿ. 3600 ನಿಮಗೆ ಬೇಡ. ನಾಲ್ಕೂ ಸೇರಿ ಎಲ್ಲೂ ನಿಲ್ಲದಿದ್ದರೆ, ಒಂದೊಂದೇ ಜೋಡಿ ಮಾತ್ರ ಪಾಸಾಗುತ್ತಿದ್ದರೆ, ರ‍್ಯಾಮೂ ಬೋರ್ಡೂ ಕೆಟ್ಟಿಲ್ಲ, ಅವಕ್ಕೆ ಹೊಂದಾಣಿಕೆ ಇಲ್ಲ ಅಷ್ಟೆ. ಆಗ ಎರಡೂ ಜೋಡಿ ಮಾರಿ 16 ಜಿಬಿಯ ಎರಡರ ಒಂದು ಕಿಟ್ ತಗೊಳ್ಳಿ, ಬೋರ್ಡ್ ಕಂಪನಿ ಪರೀಕ್ಷಿಸಿ ಒಪ್ಪಿದ ರ‍್ಯಾಮ್‌ಗಳ ಕ್ಯೂವಿಎಲ್ ಪಟ್ಟಿಯಲ್ಲಿ ಇರುವುದನ್ನೇ ನೋಡಿ.

ಮಧ್ಯಾಹ್ನವೇ ಯಾಕೆ ಅಂದರೆ ಬಿಸಿ. ರ‍್ಯಾಮ್ ಒಳಗೆ ಒಂದೊಂದು ಬಿಟ್ ಕೂಡ ಕೂದಲೆಳೆಗಿಂತ ಎಷ್ಟೋ ಸಣ್ಣ ಕೆಪಾಸಿಟರ್‌ನಲ್ಲಿ ಚಾರ್ಜ್ ಆಗಿ ನಿಂತಿರುತ್ತದೆ. ಅದು ಸೋರುತ್ತಲೇ ಇರುತ್ತದೆ, ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಸೆಕೆಂಡಿಗೆ ಎಷ್ಟೋ ಸಲ ಅದನ್ನು ತುಂಬಿಸುತ್ತಿರುತ್ತದೆ. ಬಿಸಿ ಜಾಸ್ತಿಯಾದಷ್ಟೂ ಸೋರಿಕೆ ಜಾಸ್ತಿ. 1.2 ವೋಲ್ಟ್‌ನಲ್ಲಿ 3600 ಓಡುವಾಗ ಮೊದಲೇ ಅಂಚಿನಲ್ಲಿತ್ತು, ಏಪ್ರಿಲ್ ಬಿಸಿಲು ಅದನ್ನು ದಬ್ಬಿತು. ಹಾಗಾಗಿ ರಾತ್ರಿಯ ಪರೀಕ್ಷೆ ಪಾಸಾದರೂ ಒಂದು ಭಾನುವಾರ ಮಧ್ಯಾಹ್ನ ಕ್ಯಾಬಿನೆಟ್ ಮುಚ್ಚಿಯೇ ಇನ್ನೊಮ್ಮೆ ಓಡಿಸಿ.

ವಿಂಡೋಸ್ ವಿಷಯಕ್ಕೆ ಬಂದರೆ, ಎರಡು ಸಲವೂ ಅದನ್ನು ಹಾಕಿದ್ದು ಕೆಟ್ಟ ಸೆಟ್ಟಿಂಗ್‌ನಲ್ಲೇ. ಅದರ ಫೈಲುಗಳೇ ಕೆಟ್ಟಿರಬಹುದು. ಪರೀಕ್ಷೆ ಪಾಸಾದ ಮೇಲೆ, ಆಲ್ಬಂ ಶುರು ಮಾಡುವ ಮೊದಲು ಮೂರನೇ ಸಲ ಹಾಕಿಸಿ, ದುಡ್ಡು ಕೊಡಬೇಡಿ. ಹೋದ ತಿಂಗಳಿಂದ ಕಾಪಿ ಮಾಡಿದ ಫೋಟೊಗಳನ್ನು ಕಾರ್ಡಿಂದ ಮತ್ತೆ ಕಾಪಿ ಮಾಡಿಕೊಳ್ಳಿ.

ಪ್ರಶ್ನೆ: ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ಹೊಸ ಎಎಂ5 ಬೋರ್ಡ್, ಡಿಡಿಆರ್5 ರ‍್ಯಾಮ್ ನಾಲ್ಕು ತಂದು ನಾನೇ ಜೋಡಿಸಿದೆ. ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಐದು ನಿಮಿಷ ನೋಡಿ ಆಫ್ ಮಾಡಿದೆ. ಹೀಗೇ ಆರು ಸಲ ಆಯಿತು. ಬೋರ್ಡ್ ವಾಪಸ್ ಕೊಡಲೇ?

ಉತ್ತರ: ಆರು ಸಲವೂ ನೀವೇ ಅದರ ಕೆಲಸ ಕೆಡಿಸಿದ್ದೀರಿ! ಡಿಡಿಆರ್5 ಬೋರ್ಡ್ ಮೊದಲ ಸಲ ಆನ್ ಆದಾಗ ಪ್ರತಿ ರ‍್ಯಾಮ್ ಜೊತೆ ಸಿಗ್ನಲ್ ಹೊಂದಿಸಿಕೊಳ್ಳುತ್ತದೆ, ಇದಕ್ಕೆ ಮೆಮೊರಿ ಟ್ರೇನಿಂಗ್ ಅನ್ನುತ್ತಾರೆ. ನಾಲ್ಕು ರ‍್ಯಾಮ್ ಇದ್ದರೆ ಇನ್ನೂ ಜಾಸ್ತಿ ಹೊತ್ತು. ಆನ್ ಮಾಡಿ, ಕೋಟೆ ಕಡೆ ಒಂದು ಸುತ್ತು ಹಾಕಿ ಬನ್ನಿ. ಅರ್ಧ ಗಂಟೆ ಆದರೂ ಬೋರ್ಡಿನ ಡಿರ‍್ಯಾಮ್ ದೀಪ ಉರಿಯುತ್ತಲೇ ಇದ್ದರೆ ಎ2 ಸ್ಲಾಟ್‌ನಲ್ಲಿ ಒಂದೇ ರ‍್ಯಾಮ್ ಹಾಕಿ ನೋಡಿ. ನಾಲ್ಕು ತಂದದ್ದು ಮಾತ್ರ ನನಗೆ ಸರಿ ಕಾಣಲಿಲ್ಲ. ರೈಜನ್ 7000 ಸಾಲಿಗೆ ಎರಡು ರ‍್ಯಾಮ್ ಇದ್ದರೆ ಅಧಿಕೃತ ವೇಗ 5200, ನಾಲ್ಕಾದರೆ 3600. ಎರಡನ್ನು ವಾಪಸ್ ಕೊಡಲು ಆದರೆ ಕೊಟ್ಟುಬಿಡಿ. ಬೂಟ್ ಬೇಗ ಆಗಲಿ ಅಂತ, ಹಳೇ ಟ್ರೇನಿಂಗ್ ಫಲಿತಾಂಶವನ್ನೇ ಮತ್ತೆ ಬಳಸುವ ‘ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್’ ಆನ್ ಮಾಡುವುದನ್ನು ಪರೀಕ್ಷೆ ಪಾಸಾದ ಮೇಲೆ ಇಟ್ಟುಕೊಳ್ಳಿ.

ಪ್ರಶ್ನೆ: ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿ. ವಿಂಡೋಸ್‌ನದೇ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿದೆ, ತೊಂದರೆ ಇಲ್ಲ ಅಂತ ಬಂತು. ಆದರೂ ಗೇಮ್ ಆಡುವಾಗ ರೀಸ್ಟಾರ್ಟ್ ಆಗುತ್ತದೆ. ರ‍್ಯಾಮ್ ಬದಲಿಸಲೇ?

ಉತ್ತರ: ಆ ಪರೀಕ್ಷೆ ಮೇಲ್ಮೇಲೆ ನೋಡುವಂಥದ್ದು. ಅದು ಫೇಲ್ ಅಂದರೆ ನಂಬಿ, ಪಾಸ್ ಅಂದರೆ ಪೂರ್ತಿ ನಂಬಬೇಡಿ. ಮೆಮ್‌ಟೆಸ್ಟ್86 ಓಡಿಸಿ. ಅದೂ ಸೊನ್ನೆ ಕೊಟ್ಟರೆ, ಎಕ್ಸ್‌ಎಂಪಿ ಆಫ್ ಮಾಡಿದರೂ ರೀಸ್ಟಾರ್ಟ್ ನಿಲ್ಲದಿದ್ದರೆ, ರ‍್ಯಾಮ್ ಬಿಟ್ಟು ಪವರ್ ಸಪ್ಲೈ ನೋಡಿ. ನೀಲಿ ಪರದೆಯೂ ಇಲ್ಲದೆ ಪಟ್ ಅಂತ ರೀಸ್ಟಾರ್ಟ್ ಆಗುವುದು, ಅದೂ ಗ್ರಾಫಿಕ್ಸ್ ಕಾರ್ಡ್ ಜೋರಾಗಿ ಓಡುವಾಗ, ಹೆಚ್ಚಾಗಿ ಅದರ ಲಕ್ಷಣ. ಸ್ನೇಹಿತರದ್ದು ಒಂದು ದಿನಕ್ಕೆ ಎರವಲು ತಂದು ಹಾಕಿ ನೋಡಿ, ಆದರೆ ಅದರ ಕೇಬಲ್‌ಗಳನ್ನೂ ಜೊತೆಗೇ ತನ್ನಿ. ಬೇರೆ ಪವರ್ ಸಪ್ಲೈಗೆ ನಿಮ್ಮ ಹಳೇ ಕೇಬಲ್ ಸಿಗಿಸಿದರೆ ಬೋರ್ಡ್ ಸುಟ್ಟು ಹೋಗಬಹುದು.

ಪ್ರಶ್ನೆ: ಹಳೇ ಡಿಡಿಆರ್4 ರ‍್ಯಾಮ್ ಹೊಸ ಡಿಡಿಆರ್5 ಬೋರ್ಡಿಗೆ ಆಗುತ್ತದೆಯೇ? ಎರಡಕ್ಕೂ 288 ಪಿನ್ ಇವೆ.

ಉತ್ತರ: ಆಗುವುದಿಲ್ಲ. ನಡುವಿನ ಕಚ್ಚು ಬೇರೆ ಜಾಗದಲ್ಲಿದೆ, ವೋಲ್ಟೇಜೂ ಬೇರೆ. ಒತ್ತಿ ಕೂರಿಸಲು ಹೋಗಬೇಡಿ.