ಚಾರ್ಮಾಡಿಯಲ್ಲಿ ವಾಂತಿ ಮಾಡುವವರೂ ಕ್ರೂಸ್‌ಗೆ ಹೋಗಬಹುದು, ತಿಂಗಳು ನೋಡಿ ಹೊರಡಿ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಗಂಡ ಹೆಂಡತಿ, 4 ಮತ್ತು 9 ವರ್ಷದ ಮಕ್ಕಳು, ಶುಗರ್ ಇರುವ 66 ವರ್ಷದ ಅತ್ತೆ. ಕ್ರೂಸ್ ಹಡಗಲ್ಲಿ ಮುಂಬೈನಿಂದ ಲಕ್ಷದ್ವೀಪಕ್ಕೆ ಹೋಗೋದೋ, ಸಿಂಗಾಪುರಕ್ಕೆ ಹೋಗಿ ಅಲ್ಲಿಂದ ಹಡಗು ಹತ್ತೋದೋ ಇನ್ನೂ ತೀರ್ಮಾನ ಆಗಿಲ್ಲ. ಚಾರ್ಮಾಡಿ ಇಳಿಯುವಾಗ ನೀವೂ ಮಗಳೂ ಕವರ್ ಹಿಡಿದೇ ಕೂರುವವರು, ಮೂರು ರಾತ್ರಿ ಕಡಲ ಮೇಲೆ ಕಳೆಯೋದು ಹೇಗೆ ಅನ್ನೋ ಭಯ. ನಮ್ಮ ಮನೆಯದೂ ಇದೇ ಕಥೆ ಆಗಿತ್ತು, ಅದಕ್ಕೇ ಸ್ವಲ್ಪ ಉದ್ದ ಬರೀತಿದ್ದೀನಿ.

ನಿಮ್ಮ ಪ್ರಶ್ನೆಗೆ ಆಗಲೇ ಒಬ್ಬರು ‘ದೊಡ್ಡ ಹಡಗಾದರೆ ಏನೂ ಗೊತ್ತಾಗಲ್ಲ’ ಅಂದಿದ್ದಾರೆ. ಅದು ಅರ್ಧ ನಿಜ. ಮುಂಬೈನಿಂದ ಹೊರಡುವ ಎಂಪ್ರೆಸ್ 1990ರಲ್ಲಿ ಬಂದ ಹಡಗು, 211 ಮೀಟರ್ ಉದ್ದ. ಸಿಂಗಾಪುರದ ಜೆಂಟಿಂಗ್ ಡ್ರೀಮ್ 335 ಮೀಟರ್. ಉದ್ದ ಹೆಚ್ಚಿದಷ್ಟೂ ಕುಲುಕಾಟ ಕಡಿಮೆ, ಪಕ್ಕಕ್ಕೆ ವಾಲದ ಹಾಗೆ ನೀರೊಳಗೆ ರೆಕ್ಕೆಗಳೂ ಇರುತ್ತವೆ. ಆದರೆ ಕಡಲು ಎದ್ದರೆ ಯಾವ ಹಡಗೂ ತೂಗುತ್ತೆ. ಹಾಗಾಗಿ ಹಡಗಿಗಿಂತ ಮೊದಲು ತಿಂಗಳು ನೋಡಿ, ಆಮೇಲೆ ದಾರಿ ನೋಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ನಿಮ್ಮಂಥವರಿಗಲ್ಲ. ನಮ್ಮ ಕರಾವಳಿಯಲ್ಲಿ ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಯೇ ಬಂದ್, ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ದೋಣಿಯೂ ಮಳೆಗಾಲದಲ್ಲಿ ನಿಲ್ಲುತ್ತೆ. ಮೇ ಎರಡನೇ ವಾರದ ಮೇಲೆ ಚಂಡಮಾರುತದ ಚಿಂತೆ ಬೇರೆ, 2021ರ ತೌಕ್ತೆ ಬಂದದ್ದು ಮೇ ಮಧ್ಯದಲ್ಲೇ. ಲಕ್ಷದ್ವೀಪದ ಕಡೆ ಹೋಗೋದಾದರೆ ಡಿಸೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ ಒಳ್ಳೇದು. ಮಕ್ಕಳಿಗೆ ಏಪ್ರಿಲ್ ಮಧ್ಯಕ್ಕೆ ರಜೆ ಸಿಗುತ್ತಲ್ಲ, ಆ ತಿಂಗಳೊಳಗೇ ಮುಗಿಸಿಬಿಡಿ. ದಸರಾ ರಜೆ ನಂಬಬೇಡಿ, ಅಕ್ಟೋಬರಲ್ಲಿ ಮತ್ತೆ ವಾಯುಭಾರ ಕುಸಿತದ ಕಾಲ ಶುರು.

ಸಿಂಗಾಪುರದಿಂದ ಮಲಕ್ಕಾ, ಪೆನಾಂಗ್ ಕಡೆಗೆ ಹೋಗುವ ದಾರಿ ಮೊದಲ ಸಲದವರಿಗೆ ಎಲ್ಲಕ್ಕಿಂತ ಸುಲಭ. ಅದು ಮಲಕ್ಕಾ ಜಲಸಂಧಿ, ಒಂದು ಕಡೆ ಮಲೇಷ್ಯಾ, ಇನ್ನೊಂದು ಕಡೆ ಸುಮಾತ್ರಾ ಗೋಡೆ ಕಟ್ಟಿದ ಹಾಗೆ ಅಡ್ಡ ನಿಂತಿದೆ, ಹೊರಗಿನ ದೊಡ್ಡ ಅಲೆ ಒಳಗೆ ಬರಲ್ಲ. ಅದೇ ಹಡಗು ಪೆನಾಂಗ್ ದಾಟಿ ಫುಕೆಟ್ ಕಡೆ ತಿರುಗಿದರೆ ಅಂಡಮಾನ್ ಸಮುದ್ರ, ಅಲ್ಲಿ ಮೇ ಮಧ್ಯದಿಂದ ಅಕ್ಟೋಬರ್‌ವರೆಗೆ ಮುಂಗಾರಿನ ಅಲೆ ಇರುತ್ತೆ. ಸಿಂಗಾಪುರದ ಪೂರ್ವಕ್ಕೆ, ದಕ್ಷಿಣ ಚೀನಾ ಸಮುದ್ರದ ಕಡೆ, ಇದಕ್ಕೆ ಉಲ್ಟಾ: ಡಿಸೆಂಬರ್, ಜನವರಿಯಲ್ಲೇ ಗಾಳಿ ಜೋರು.

ನಾವು ಹೋಗಿದ್ದು ಮೇ ಕೊನೆಯ ವಾರ, ಫುಕೆಟ್ ದಾರಿ. ಕ್ಯಾಬಿನ್ ನಂಬರ್ ನಾವೇ ಆರಿಸಿದರೆ ಹೆಚ್ಚು ದುಡ್ಡು ಅಂತ, ಅವರು ಕೊಟ್ಟದ್ದನ್ನು ತಗೊಂಡೆವು. ಸಿಕ್ಕಿದ್ದು ಮೇಲಿನ ಡೆಕ್ಕು, ಹಡಗಿನ ಮೂತಿಯ ಹತ್ತಿರ. ಮೊದಲ ರಾತ್ರಿ ಮನೆಯಲ್ಲಿ ಮಲಗಿದಂಗೇ ಇತ್ತು. ಎರಡನೇ ರಾತ್ರಿ ಹನ್ನೊಂದರ ಹೊತ್ತಿಗೆ ಬೀರುವಿನೊಳಗಿನ ಹ್ಯಾಂಗರ್‌ಗಳು ಟಕ್... ಟಕ್... ಅಂತ ಒಂದಕ್ಕೊಂದು ಬಡಿಯೋಕೆ ಶುರು. ಟೇಬಲ್ ಮೇಲಿದ್ದ ಲೋಟದ ನೀರು ನಿಧಾನಕ್ಕೆ ಒಂದಂಚಿಗೆ ಹೋಗಿ, ನಿಂತು, ಮತ್ತೆ ಈಚೆ ಬರ್ತಿತ್ತು. ಮಗಳು ಎದ್ದು ಕೂತಳು, ಮುಖ ಬಿಳಿಚಿಕೊಂಡಿತ್ತು, ಬಾಯಲ್ಲಿ ನೀರು ತುಂಬ್ತಿದೆ ಅಪ್ಪಾ ಅಂದಳು. ಕ್ಯಾಬಿನ್ನಲ್ಲೇ ಮಲಗಿಸಿ ಸಮಾಧಾನ ಮಾಡೋಕೆ ಹೋದೆ, ಎರಡು ಸಲ ವಾಂತಿ ಆಯ್ತು. ಆಮೇಲೆ ಲಿಫ್ಟ್ ಹತ್ತಿಸಿ, ಹಡಗಿನ ನಡುಭಾಗದ ತೆರೆದ ಡೆಕ್ಕಿಗೆ ಕರ್ಕೊಂಡು ಹೋಗಿ, ಬಲು ದೂರದಲ್ಲಿ ಸಾಲಾಗಿ ಕಾಣ್ತಿದ್ದ ಮೀನುಗಾರರ ದೋಣಿಗಳ ದೀಪ ತೋರಿಸಿದೆ. ಅವನ್ನೇ ನೋಡ್ತಾ ನನ್ನ ಹೆಗಲಿಗೆ ಒರಗಿ ನಿಂತಳು. ಕಾಲು ಗಂಟೆಯಲ್ಲಿ ಬಣ್ಣ ತಿರುಗಿತು, ಅರ್ಧ ಗಂಟೆಗೆ ಹಸಿವು ಅಂದಳು.

ಯಾಕೆ ಹಾಗಾಯ್ತು ಅಂದರೆ, ಕ್ಯಾಬಿನ್ ಒಳಗೆ ಕಣ್ಣಿಗೆ ಗೋಡೆ ಅಲುಗಾಡೋದು ಕಾಣಲ್ಲ, ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಮಾತ್ರ ತೂಗಾಟ ಗೊತ್ತಾಗ್ತಿರುತ್ತೆ. ಕಣ್ಣು ಒಂದು ಹೇಳುತ್ತೆ, ಕಿವಿ ಇನ್ನೊಂದು ಹೇಳುತ್ತೆ, ಹೊಟ್ಟೆ ತೊಳಸುತ್ತೆ. ಘಟ್ಟದಲ್ಲಿ ಬಸ್ ಡ್ರೈವರಿಗೆ ಏನೂ ಆಗದೆ, ಹಿಂದಿನ ಸೀಟಲ್ಲಿ ಮೊಬೈಲ್ ನೋಡುವವರಿಗೆ ಆಗೋದೂ ಇದಕ್ಕೇ. ದಿಗಂತ ನೋಡಿದರೆ ಎರಡೂ ಒಂದೇ ಮಾತು ಹೇಳ್ತವೆ. ಡೆಕ್ಕಿಗೆ ಹೋಗೋ ಸ್ಥಿತಿ ಇಲ್ಲದಿದ್ದರೆ ಕಣ್ಣು ಮುಚ್ಚಿ ಅಂಗಾತ ಮಲಗಿಸಿ.

ಆದ್ದರಿಂದ ಕ್ಯಾಬಿನ್ ವಿಷಯದಲ್ಲಿ ದುಡ್ಡು ಉಳಿಸಬೇಡಿ. ಪಾರ್ಕಿನಲ್ಲಿ ಮಕ್ಕಳು ಆಡುವ ಸೀ-ಸಾ ನೆನೆಸಿಕೊಳ್ಳಿ, ತುದಿಯಲ್ಲಿ ಕೂತವರು ಮೇಲೆ ಕೆಳಗೆ ಹೋಗ್ತಾರೆ, ನಡುವೆ ನಿಂತವರಿಗೆ ಏನೂ ಇಲ್ಲ. ಹಡಗಿನ ಉದ್ದದ ನಟ್ಟನಡುವೆ, ಕೆಳಗಿನ ಡೆಕ್ಕಿನಲ್ಲಿ, ನಂಬರ್ ಸಮೇತ ಬುಕ್ ಮಾಡಿ. ಬಾಲ್ಕನಿ ಚೆಂದ ನಿಜ, ಆದರೆ ಮೇಲಿನ ಮೂತಿಯ ಬಾಲ್ಕನಿಗಿಂತ ಕೆಳಗೆ ನಡುವಿನ ಕಿಟಕಿ ಕ್ಯಾಬಿನ್ ನೂರು ಪಾಲು ಮೇಲು.

ಮಾತ್ರೆ. ನಮ್ಮ ಕಡೆ ಬಸ್ಸಿಗೆ ಎಲ್ಲರೂ ನುಂಗುವ ಅವೊಮಿನ್ ಹಡಗಿಗೂ ಆಗುತ್ತೆ, ಮೆಕ್ಲಿಜಿನ್, ಸಿನ್ನಾರಿಜಿನ್ ಕೂಡ ಇವೆ. ಯಾವುದೇ ಆದರೂ ಹೊಟ್ಟೆ ತೊಳಸುವ ಮೊದಲೇ ತಗೋಬೇಕು, ಅವೊಮಿನ್ ಆದರೆ ಹಿಂದಿನ ರಾತ್ರಿಯಿಂದಲೇ ಶುರು ಮಾಡೋರೂ ಇದ್ದಾರೆ. ವಾಕರಿಕೆ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲೇ ಕೂತಿರುತ್ತೆ, ಇಲ್ಲಾ ವಾಪಸ್ ಬರುತ್ತೆ. ವಾಂತಿಗೆ ಅಂತ ಮನೆಯಲ್ಲಿರುವ ಒಂಡಾನ್ಸೆಟ್ರಾನ್ ಈ ಥರದ ತಲೆಸುತ್ತನ್ನು ತಡೆಯಲ್ಲ, ಅದನ್ನೇ ನಂಬಿ ಹೋಗಬೇಡಿ. ಅವೊಮಿನ್ ಥರದ ಮಾತ್ರೆಗಳೆಲ್ಲ ನಿದ್ದೆ ತರಿಸುತ್ತವೆ, ಒಂದು ಭಾನುವಾರ ಮನೆಯಲ್ಲೇ ನುಂಗಿ ಎಷ್ಟು ಮಂಪರು ಬರುತ್ತೆ ನೋಡಿಕೊಳ್ಳಿ. ಮಕ್ಕಳಿಬ್ಬರಿಗೂ ಮಕ್ಕಳ ಡಾಕ್ಟರ್ ಬರೆದುಕೊಟ್ಟ ಮಾತ್ರೆ, ಅವರು ಹೇಳಿದ ಪ್ರಮಾಣ, ಅಷ್ಟೇ. 4ರವನಿಗಿಂತ 9ರವಳಿಗೇ ಹೆಚ್ಚು ಆಗುವ ವಯಸ್ಸು, ಅವಳದ್ದು ಚೆನ್ನಾಗಿ ವಿಚಾರಿಸಿ. ಕಿವಿ ಹಿಂದೆ ಅಂಟಿಸುವ ಸ್ಕೋಪೋಲಮಿನ್ ಪ್ಯಾಚ್ ಮಕ್ಕಳಿಗಲ್ಲ, ವಯಸ್ಸಾದವರಿಗೆ ಗಲಿಬಿಲಿ ತರಬಹುದು, ಕಣ್ಣಿನ ಒತ್ತಡ ಇದ್ದವರಿಗೆ ಅಪಾಯ.

ಅತ್ತೆಯವರ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಶುಗರ್ ಮಾತ್ರೆ ನುಂಗಿ ಊಟ ವಾಂತಿಯಾಗಿ ಹೋದರೆ ಸಕ್ಕರೆ ಒಮ್ಮೆಲೇ ಇಳಿಯಬಹುದು. ಹಾಗಾದ ದಿನ ಏನು ಮಾಡಬೇಕು, ಯಾವ ಮಾತ್ರೆ ಬಿಡಬೇಕು ಅಂತ ಅವರ ಡಾಕ್ಟರ ಹತ್ತಿರ ಚೀಟಿಯಲ್ಲೇ ಬರೆಸಿಕೊಳ್ಳಿ. ಗ್ಲೂಕೋಮೀಟರ್, ಗ್ಲೂಕೋಸ್ ಪುಡಿ, ಒಆರ್‌ಎಸ್ ಪೊಟ್ಟಣ ಕೈಚೀಲದಲ್ಲೇ ಇರಲಿ. ದೊಡ್ಡ ಸೂಟ್‌ಕೇಸನ್ನು ಬಂದರಿನಲ್ಲೇ ತಗೊಂಡು ಕ್ಯಾಬಿನ್ನಿಗೆ ತಲುಪಿಸೋದು ಎಷ್ಟೋ ಗಂಟೆ ಆದ ಮೇಲೆ. ಹಡಗಿನ ಡಾಕ್ಟರ ಬಿಲ್ಲು ದುಬಾರಿ, ಕ್ರೂಸ್ ಸೇರಿಸಿಯೇ ಇನ್ಶೂರೆನ್ಸ್ ಮಾಡಿಸಿ.

ಲಕ್ಷದ್ವೀಪವನ್ನೇ ಆರಿಸಿದರೆ ಇನ್ನೊಂದು ಗೊತ್ತಿರಲಿ. ಹಡಗು ದೂರದಲ್ಲೇ ಲಂಗರು ಹಾಕುತ್ತೆ, ದ್ವೀಪಕ್ಕೆ ಸಣ್ಣ ದೋಣಿಯಲ್ಲಿ ಕರ್ಕೊಂಡು ಹೋಗ್ತಾರೆ. ಹಡಗಲ್ಲಿ ಆರಾಮಾಗಿದ್ದವರೂ ಈ ದೋಣಿಯಲ್ಲಿ ವಾಂತಿ ಮಾಡೋದುಂಟು, ಮಂಡಿನೋವಿನವರಿಗೆ ಆಚೀಚೆ ಕಾಲಿಡೋದೂ ಕಷ್ಟ. ಅತ್ತೆಗೆ ಕಷ್ಟ ಅನಿಸಿದರೆ ಒಬ್ಬರು ಅವರ ಜೊತೆ ಹಡಗಲ್ಲೇ ಉಳೀರಿ. ಸಿಂಗಾಪುರ ಆದರೆ ವೀಸಾ ಮಲ್ಟಿಪಲ್ ಎಂಟ್ರಿ ಇದೆಯಾ ನೋಡಿ, ಹಡಗು ಇಳಿದಾಗ ಮತ್ತೆ ಒಳಗೆ ಬಂದ ಲೆಕ್ಕ.

ಊಟದಲ್ಲಿ ಹೊಟ್ಟೆ ಖಾಲಿ ಬಿಡಬೇಡಿ, ಬಿರಿಯೂ ತಿನ್ನಬೇಡಿ. ಎಣ್ಣೆ ಪದಾರ್ಥ ಬಿಟ್ಟು ಮೊಸರನ್ನ, ಇಡ್ಲಿ, ಹುರಿದ ಮಂಡಕ್ಕಿ, ಉಪ್ಪು ಬಿಸ್ಕತ್ತು ತಿಂದರೆ ಒಳ್ಳೇದು. ಶುಂಠಿ ನಮ್ಮ ಮನೆಯಲ್ಲಿ ಎಲ್ಲರಿಗೂ ಹಿಡಿಸಿತು, ಒಣಗಿಸಿದ ನೆಲ್ಲಿಕಾಯಿ ಚೂರನ್ನೂ ಬಾಯಲ್ಲಿಟ್ಟುಕೊಳ್ತಿದ್ದೆವು. ವಾಂತಿ ಜೊತೆ ಭೇದಿ, ಜ್ವರ ಬಂದರೆ ಮಾತ್ರ ಅದು ಕಡಲಿನದ್ದಲ್ಲ, ಸೋಂಕು. ತಕ್ಷಣ ಹಡಗಿನವರಿಗೆ ಹೇಳಿ, ಮಕ್ಕಳ ಕೈ ಸೋಪಲ್ಲಿ ತೊಳೆಸಿ, ಆ ಸೋಂಕಿಗೆ ಸ್ಯಾನಿಟೈಸರ್ ಸಾಕಾಗಲ್ಲ.

ನಮ್ಮ ಅಮ್ಮನಿಗೆ ಹಡಗಲ್ಲಿ ಏನೂ ಆಗಲಿಲ್ಲ. ಇಳಿದ ಮೇಲೆ ಎರಡು ದಿನ ನೆಲ ತೂಗಿದ ಹಾಗೆ ಆಗ್ತಿತ್ತು. ಬಹಳ ಜನಕ್ಕೆ ಹೀಗಾಗಿ ತಾನೇ ಸರಿಹೋಗುತ್ತೆ. ಅತ್ತೆಯವರಿಗೆ ಇದನ್ನು ಮೊದಲೇ ಹೇಳಿಡಿ, ಊರಿಗೆ ಬಂದ ಮೇಲೆ ಬಚ್ಚಲುಮನೆಯಲ್ಲಿ ಗೋಡೆ ಹಿಡಿದೇ ನಡೀಲಿ.